ಕೈಬಿಟ್ಟಯ್ಯನ ತಿರುವು

ಮುದ್ದನಹಾಳದ ಹಿರೇಗಾಲುವೆಯಲ್ಲಿ ಈಗ ದೋಣಿಗಳು ಓಡಾಡುವುದಿಲ್ಲ. ತುಂಗಭದ್ರೆಯ ದಂಡೆಯಿಂದ ಹೊರಟು, ಗುಂಡುಕಲ್ಲಿನ ಗುಡ್ಡಗಳ ಬುಡವನ್ನು ಬಳಸಿಕೊಂಡು, ಭತ್ತದ ಗದ್ದೆಗಳ ನಡುವೆ ಹರಿಯುವ ಈ ಕಾಲುವೆಯಲ್ಲಿ ಇವತ್ತು ಎಮ್ಮೆಗಳು ಮೈ ತಣಿಸಿಕೊಳ್ಳುತ್ತವೆ, ಹೆಂಗಸರು ಬಟ್ಟೆ ಒಗೆಯುತ್ತಾರೆ. ಅದರ ಏರಿಯ ಮೇಲಿನ ಕಾಲುದಾರಿಯನ್ನು ಮಾತ್ರ ಊರವರು ಇಂದಿಗೂ ‘ಜಗ್ಗುದಾರಿ’ ಎನ್ನುತ್ತಾರೆ. ಚಳಿಗಾಲ ಬಂತೆಂದರೆ ದೂರದ ಊರಿನವರು, ಪರದೇಶದವರು ಬಾಡಿಗೆ ಸೈಕಲ್ಲು ಹಿಡಿದು ಈ ದಾರಿಗೆ ಬರುತ್ತಾರೆ. ಬೆನ್ನಿಗೆ ಚೀಲ ಹಾಕಿಕೊಂಡು ನಡೆದೇ ಹೋಗುವವರೂ ಇದ್ದಾರೆ. ಊರಿನಿಂದ ಅಣೆಕಟ್ಟಿನ ಕಡೆಗೆ ಹೊರಟರೆ ಮೊದಲು ತೆಂಗು, ಬಾಳೆ, ಗದ್ದೆಯ ಬಯಲು. ಆಮೇಲೆ ಏರಿ ಸಣ್ಣಗಾಗುತ್ತ ಬಂದು, ಕರಿಗುಡ್ಡದ ಬಂಡೆ ಭುಜಕ್ಕೆ ತಾಗುವಷ್ಟು ಹತ್ತಿರವಾಗಿ, ಕಾಲುವೆ ಮೊಳಕೈಯಂತೆ ಮಡಚಿಕೊಳ್ಳುವ ಜಾಗ ಸಿಗುತ್ತದೆ. ಅಲ್ಲಿ ಸೈಕಲ್ಲಿನವರು ಇಳಿಯಲೇಬೇಕು. ಅದೇ ಕೈಬಿಟ್ಟಯ್ಯನ ತಿರುವು. ಓದಿದವರು ಕೆಲವರು, ಕಾಲುವೆಗೆ ಇಲ್ಲಿ ಒಂದು ಕೈಗಾಲುವೆಯನ್ನು ಬಿಟ್ಟಿದ್ದರು, ಆದ್ದರಿಂದ ಈ ಹೆಸರು ಎಂದು ಅರ್ಥ ಹೇಳುತ್ತಾರೆ. ಅರ್ಥವೇನೋ ಚೆನ್ನಾಗಿದೆ. ಆದರೆ ಸುತ್ತ ಎಲ್ಲಿ ಹುಡುಕಿದರೂ ಕೈಗಾಲುವೆಯ ಗುರುತು ಕಾಣುವುದಿಲ್ಲ, ಮತ್ತು ಊರಿನ ಹಿರಿಯರು ಹೇಳುವ ಸಂಗತಿಯೇ ಬೇರೆ.

ಹಿಂದೆ ಒಮ್ಮೆ, ಅರಸರ ಕಾಲ ಇನ್ನೂ ನಡೆಯುತ್ತಿದ್ದಾಗ, ಈ ಕಾಲುವೆ ನೀರಿಗಷ್ಟೇ ಅಲ್ಲ, ಸಾಗಾಟಕ್ಕೂ ಬಳಕೆಯಲ್ಲಿತ್ತು. ಅಗಲ ತಳದ ದೋಣಿಗಳಲ್ಲಿ ಭತ್ತ, ಸುಣ್ಣ, ಕಟ್ಟಿಗೆ, ಕಟ್ಟಡದ ಕಲ್ಲು ಬರುತ್ತಿದ್ದವು. ನೀರು ಹರಿಯುವ ದಿಕ್ಕಿಗೆ ದೋಣಿ ತಾನಾಗಿಯೇ ತೇಲಿ ಹೋಗುತ್ತಿತ್ತು. ಎದುರು ನೀರಿಗೆ ಹೋಗಬೇಕಾದಾಗ ಆಳುಗಳು ಏರಿಯ ಮೇಲೆ ಸಾಲಾಗಿ ನಿಂತು ಪುಂಡಿನಾರಿನ ದಪ್ಪ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಜಗ್ಗುತ್ತಿದ್ದರು. ದಾರಿಗೆ ಜಗ್ಗುದಾರಿ ಎಂಬ ಹೆಸರು ಬಂದದ್ದು ಹಾಗೆ. ಆ ಕಾಲಕ್ಕೆ ಮುದ್ದನಹಾಳದ ಅಂಬಿಗರ ಕೇರಿಯಲ್ಲಿ ಕಾಟಯ್ಯ, ಮೈಲಾರಿ ಎಂಬ ಅಣ್ಣತಮ್ಮಂದಿರಿದ್ದರು. ತಾಯಿ ಹೊಳೆಯವ್ವ. ಕಾಟಯ್ಯ ಕಡಿಮೆ ಮಾತಿನವನು, ಮೈಕಟ್ಟಿನವನು; ಯಾವ ದೋಣಿಯಾದರೂ ಹಗ್ಗದ ತುದಿ ಹಿಡಿದು ಮುಂದೆ ನಡೆಯುವವನು ಅವನೇ. ಮೈಲಾರಿ ದೋಣಿಯೊಳಗೆ ನಿಂತು ಗಳ ಊರಿ, ಅದು ದಂಡೆಗೆ ಬಡಿಯದಂತೆ ನೋಡಿಕೊಳ್ಳುವವನು. ಅಣ್ಣನಿಗೆ ಮದುವೆಯಾಗಿರಲಿಲ್ಲ. ತಮ್ಮನಿಗೆ ಸಂಕವ್ವ ಎಂಬ ಹೆಂಡತಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮೈಲಾರಿ ಗಾಳಿಯಂಥ ಹುಡುಗ. ಮಾತು ಶುರುಮಾಡಿದರೆ ಮುಗಿಸುವಷ್ಟು ಹೊತ್ತು ನಿಲ್ಲುವವನಲ್ಲ. ಅರ್ಧ ಮಾತು ಬಾಯಲ್ಲಿರುವಾಗಲೇ ಬಾಗಿಲಾಚೆ ಹೋಗಿಬಿಡುವನು. ಅಣ್ಣ ಮಾತ್ರ ಆ ಅರ್ಧದಲ್ಲೇ ಪೂರ್ತಿ ತಿಳಿದುಕೊಳ್ಳುತ್ತಿದ್ದ. ದೋಣಿಯಿಂದ ತಮ್ಮ ‘ಹೂಂ’ ಅಂದರೆ ಸಾಕು, ಹಗ್ಗ ಬಿಗಿಯಬೇಕೋ ಸಡಿಲಿಸಬೇಕೋ ಅವನಿಗೆ ಗೊತ್ತಾಗುತ್ತಿತ್ತು.

ಆ ವರ್ಷ ಮುಂಗಾರು ಹಿಂದೆಂದೂ ಕಾಣದ ಹಾಗೆ ಹಿಡಿಯಿತು. ಹೊಳೆ ಕೆಂಪಾಗಿ, ಮರಗಿಡಗಳನ್ನು ಹೊತ್ತುಕೊಂಡು ಬರತೊಡಗಿತು. ಮೇಲಿನ ಅಣೆಯ ಒಂದು ಮಗ್ಗುಲು ಕುಸಿಯುತ್ತಿದೆ ಎಂದು ಸುದ್ದಿ ಬಂತು. ಅಣೆ ಹೋದರೆ ಕಾಲುವೆ ಹೋದಂತೆ, ಕಾಲುವೆ ಹೋದರೆ ಬಯಲೆಲ್ಲ ಪಾಳು. ಆದ್ದರಿಂದ ಕಾಲುವೆಯ ಉಸ್ತುವಾರಿ ನೋಡುತ್ತಿದ್ದ ಪಾರುಪತ್ಯಗಾರನಿಂದ ಅಪ್ಪಣೆ ಇಳಿಯಿತು: ಸುಣ್ಣದ ಗೂಡಿನ ಹತ್ತಿರ ರಾಶಿ ಹಾಕಿರುವ ಕಲ್ಲುಗಳನ್ನು ದೋಣಿಗಳಲ್ಲಿ ತುಂಬಿ ಕೂಡಲೇ ಅಣೆಗೆ ಸಾಗಿಸಬೇಕು, ಯಾರೂ ಹಿಂದುಳಿಯಬಾರದು. ಮುದ್ದನಹಾಳದ ಗಂಡಾಳುಗಳಲ್ಲಿ ಹೆಚ್ಚಿನವರು ಅದಾಗಲೇ ಮಣ್ಣು ಹೊರಲು ಅಣೆಗೆ ಹೋಗಿದ್ದರು. ಉಳಿದವರನ್ನು ಹಂಚಿದಾಗ ಕಾಟಯ್ಯನ ದೋಣಿಗೆ ಜಗ್ಗುವವರು ಎಂದಿನ ಅರ್ಧದಷ್ಟೇ ಸಿಕ್ಕರು. ಕಾಟಯ್ಯ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ನೀರನ್ನು ನೋಡಿದ. ಕಾಲುವೆ ಏರಿಯ ಅಂಚಿನವರೆಗೂ ತುಂಬಿ, ಉಬ್ಬಿ, ನೊರೆ ಕಾರುತ್ತ ಓಡುತ್ತಿತ್ತು.

“ಇವತ್ತು ಬ್ಯಾಡ,” ಎಂದ ಅವನು. “ನೀರು ಒಂದೀಟು ಇಳೀಲಿ. ತಿರುವಿನಾಗ ದೋಣಿ ನಿಲ್ಲಂಗಿಲ್ಲ.”

“ಅಪ್ಪಣೆ ಆಗೇತಿ ಅಣ್ಣ. ಬ್ಯಾಡ ಅನ್ನಾಕ ನಾವ್ಯಾರು?” ಮೈಲಾರಿ ಅದಾಗಲೇ ದೋಣಿಗೆ ಕಲ್ಲು ತುಂಬಿಸುತ್ತಿದ್ದ. “ಉಳಿದ ದೋಣಿ ಹೊಂಟಾವು. ನಮ್ಮದೊಂದು ಉಳಿದರ ಅಂಬಿಗರ ಮಕ್ಕಳು ನೀರಿಗಿ ಅಂಜಿದರು ಅಂತಾರ. ನೀ ಒಲ್ಲೆ ಅಂದರ ಇರು, ನಾ ಬ್ಯಾರೆ ಯಾರನ್ನರ…” ಎಂದು ಮಾತನ್ನು ಅಲ್ಲಿಗೇ ಬಿಟ್ಟು ಗಳ ತರಲು ಹೋದ.

ಕಾಟಯ್ಯನಿಗೆ ಸಿಟ್ಟು ಬಂತು. ಆಗ ಅವನು ಆಡಿದ ಮಾತನ್ನು ದಂಡೆಯ ಮೇಲಿದ್ದವರೆಲ್ಲ ಕೇಳಿಸಿಕೊಂಡರು. “ಹೋಗು ಹಂಗಾರ, ನಿನ್ನ ಹಣೇಬರ,” ಎಂದಿದ್ದ. ಅಂದ ಮೇಲೆ ಎದ್ದುಹೋಗಿ ಹಗ್ಗದ ತುದಿಯನ್ನು ತಾನೇ ಹೆಗಲಿಗೆ ಹಾಕಿಕೊಂಡ. ತಮ್ಮ ನೀರಿಗಿಳಿದ ಮೇಲೆ ದಂಡೆಯ ಮೇಲೆ ನಿಲ್ಲುವುದು ಅವನಿಂದಾಗುವ ಕೆಲಸವಾಗಿರಲಿಲ್ಲ. ಆದರೆ ಊರಿನ ನೆನಪಿನಲ್ಲಿ ಉಳಿದದ್ದು ಆ ಮಾತೇ ಹೊರತು ಅವನು ಹಗ್ಗ ಎತ್ತಿಕೊಂಡದ್ದಲ್ಲ.

ಬಯಲು ದಾಟುವ ತನಕ ದೋಣಿ ಹೇಗೋ ಮುಂದೆ ಸಾಗಿತು. ಆಳುಗಳು ಒಂದು ಹೆಜ್ಜೆಗೆ ಒಂದು ಉಸಿರು ಎಂಬಂತೆ, ನೆಲಕ್ಕೆ ಬಾಗಿ ಜಗ್ಗುತ್ತಿದ್ದರು. ಕರಿಗುಡ್ಡದ ತಿರುವು ಬಂದಾಗ ದಾರಿ ಇಕ್ಕಟ್ಟಾಯಿತು. ಒಬ್ಬರ ಹಿಂದೊಬ್ಬರು ಬಂಡೆಗೆ ಒರಗಿಕೊಂಡೇ ನಡೆಯಬೇಕು. ಮುಂದಿದ್ದ ಕಾಟಯ್ಯ ತಿರುವು ದಾಟಿದ್ದರಿಂದ ಅವನಿಗೆ ದೋಣಿ ಕಾಣುತ್ತಿರಲಿಲ್ಲ. ಬಂಡೆಯ ಮೂಲೆಗೆ ಹಗ್ಗ ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು. ಆ ಹೊತ್ತಿಗೆ ಮೇಲಿನಿಂದ ಬುಡಸಮೇತ ಕಿತ್ತುಬಂದ ಒಂದು ಮತ್ತಿಯ ಮರ ನೀರಿನಲ್ಲಿ ಉರುಳುತ್ತ ಅವರ ಪಕ್ಕದಲ್ಲೇ ಹಾದುಹೋಯಿತು. ಕಾಟಯ್ಯ ಕೂಗಿಕೊಂಡ. ಕೂಗು ಮುಗಿಯುವುದರೊಳಗೆ ಮರ ದೋಣಿಗೆ ಬಡಿದಿತ್ತು. ದೋಣಿ ಅಡ್ಡ ತಿರುಗಿ ನೀರಿನ ಸೆಳವಿಗೆ ಮೈಕೊಟ್ಟಿತು; ಭಾರವೆಲ್ಲ ಒಂದೇ ಸಲ ಹಗ್ಗದ ಮೇಲೆ ಬಂತು. ಹಿಂದಿದ್ದ ಆಳುಗಳ ಕಾಲು ಕೆಸರಿನಲ್ಲಿ ಜಾರಿ ಅವರು ಮುಖ ಅಡಿಯಾಗಿ ಬಿದ್ದರು. ಹಗ್ಗ ಅವರ ಹೆಗಲಿಂದ ಕಿತ್ತುಹೋಯಿತು. ಒಬ್ಬನಂತೂ ನೀರಿಗೇ ಬಿದ್ದು ಜೇಕು ಹುಲ್ಲಿನ ಬೇರು ಹಿಡಿದು ಬದುಕಿಕೊಂಡ.

ಉಳಿದವನು ಕಾಟಯ್ಯ ಒಬ್ಬ. ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಿದ್ದ ಅವನನ್ನು ಅದು ಬಂಡೆಯ ಮೇಲೆ ಹೊಟ್ಟೆಯಡಿಯಾಗಿ ಎಳೆದುಕೊಂಡು ಬಂತು. ತಿರುವಿನ ಮೂಲೆಯಲ್ಲಿ ಅವನ ಪಾದಕ್ಕೆ ಒಂದು ಕಲ್ಲಿನ ಬಿರುಕು ಸಿಕ್ಕಿತು. ಅದಕ್ಕೆ ಕಾಲು ಕೊಟ್ಟು ನಿಂತ. ಈಗ ಅವನಿಗೆ ದೋಣಿ ಕಾಣಿಸಿತು, ತಮ್ಮನೂ ಕಾಣಿಸಿದ. ದೋಣಿ ಓರೆಯಾದಾಗ ಕಲ್ಲುಗಳೆಲ್ಲ ಒಂದು ಕಡೆಗೆ ಸರಿದು ಮೈಲಾರಿಯ ಕಾಲು ಅವುಗಳ ನಡುವೆ ಸಿಕ್ಕಿಕೊಂಡಿತ್ತು. ಅವನು ಎರಡೂ ಕೈಗಳಿಂದ ಕಲ್ಲೆತ್ತಿ ನೀರಿಗೆ ಎಸೆಯುತ್ತಿದ್ದ. ಹಗ್ಗ ಹಿಡಿದುಕೊಂಡರೆ ಕಾಟಯ್ಯ ಅವನ ಬಳಿಗೆ ಹೋಗುವಂತಿಲ್ಲ. ಹೋಗಬೇಕೆಂದರೆ ಹಗ್ಗ ಬಿಡಬೇಕು. ಹಿಡಿದುಕೊಂಡಷ್ಟೂ ಹೊತ್ತು ದೋಣಿಯ ಒಂದು ಅಂಚು ಬಿಗಿದ ಹಗ್ಗಕ್ಕೆ ವಾಲಿ ನೀರು ಒಳಗೆ ನುಗ್ಗುತ್ತಿತ್ತು. ಬಿಟ್ಟರೆ ಕೆಳಗೆ ಗುಂಡುಕಲ್ಲುಗಳ ಸಂದು ಬಾಯಿ ತೆರೆದುಕೊಂಡಿತ್ತು. ಬಿದ್ದವರನ್ನು ಅವನು ಕರೆದ. ಅವರಿಗೆ ಕೇಳಿಸಲಿಲ್ಲವೋ, ಏಳಲಾಗಲಿಲ್ಲವೋ. ಆಗ ಮೈಲಾರಿ ಕಲ್ಲೆತ್ತುವುದನ್ನು ನಿಲ್ಲಿಸಿ, ತಲೆಯೆತ್ತಿ ಅಣ್ಣನನ್ನು ನೋಡಿ ಕೂಗಿದ.

“ಅಣ್ಣಾ, ಬಿಡ…”

ಮುಂದಿನದನ್ನು ನೀರಿನ ಮೊರೆತ ನುಂಗಿಹಾಕಿತು. ಬಿಡಣ್ಣ ಎಂದನೋ, ಬಿಡಬ್ಯಾಡ ಎಂದನೋ? ಹುಟ್ಟಿದಾಗಿನಿಂದ ತಮ್ಮನ ಅರೆಮಾತನ್ನೆಲ್ಲ ತುಂಬಿಕೊಳ್ಳುತ್ತ ಬಂದಿದ್ದ ಕಾಟಯ್ಯನಿಗೆ ಆ ಒಂದು ಮಾತು ತುಂಬಿಕೊಳ್ಳಲಾಗಲಿಲ್ಲ. ಏನೆಂದು ಅವನು ಯೋಚಿಸುತ್ತಿದ್ದ, ಅಷ್ಟು ಅವನಿಗೆ ನೆನಪಿತ್ತು. ಆಮೇಲೆ ನೋಡಿದಾಗ ಕೈಯಲ್ಲಿ ಹಗ್ಗವಿರಲಿಲ್ಲ. ದೋಣಿ ಇದ್ದ ಕಡೆ ಬರೀ ಕೆಂಪು ನೀರು ತಿರುಗುತ್ತಿತ್ತು.

ಆ ಹೊತ್ತಿಗೆ ಅಣೆಯ ಕಡೆಯಿಂದ ಇದೇ ಜಗ್ಗುದಾರಿಯ ಮೇಲೆ ಒಬ್ಬ ಓಲೆಕಾರ ಓಡುತ್ತ ಬಂದ. ಅಣೆ ಬೆಳಿಗ್ಗೆಯೇ ಒಡೆದುಹೋಯಿತು, ಇನ್ನು ಕಲ್ಲು ಬೇಕಾಗಿಲ್ಲ, ದೋಣಿಗಳು ಹಿಂದಿರುಗಲಿ ಎಂಬುದು ಅವನು ತಂದ ಸುದ್ದಿ. ಬಂಡೆಯ ಮೇಲೆ ಬಿದ್ದುಕೊಂಡಿದ್ದ ಕಾಟಯ್ಯನಿಗೂ ಅವನು ಅದನ್ನೇ ಒಪ್ಪಿಸಿ, ಉಳಿದ ದೋಣಿಗಳಿಗೆ ತಿಳಿಸಲು ಮುಂದಕ್ಕೆ ಓಡಿದನು ಎನ್ನುತ್ತಾರೆ.

ನೀರಿಳಿದ ಮೇಲೆ ಮೈಲಾರಿಯ ದೇಹ ಕೆಳಗಿನ ಗದ್ದೆಯ ತೂಬಿನ ಬಳಿ ಸಿಕ್ಕಿತು. ಮಣ್ಣು ಮಾಡಿ ಬಂದ ದಿನ ಹೊಳೆಯವ್ವ ಹಿರಿಯ ಮಗನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಅವನ ಅಂಗೈಗೆ ಅರಿಸಿನ ಎಣ್ಣೆ ಹಚ್ಚಿದಳು. ಎರಡು ಅಂಗೈಗಳಲ್ಲಿಯೂ ತೊಗಲು ಉಳಿದಿರಲಿಲ್ಲ. ಹಚ್ಚುತ್ತ ಹಚ್ಚುತ್ತ, ಮುಖವೆತ್ತದೆ, ಮೆಲ್ಲಗೆ ಕೇಳಿದಳು: “ಬಿಟ್ಟ್ಯಾ ಯಪ್ಪಾ?”

ಇಲ್ಲ ಎನ್ನಲು ಕಾಟಯ್ಯ ಬಾಯಿ ತೆರೆದ. ಹಿಡಿಯದವನ ಅಂಗೈ ಹೀಗೆ ಸುಲಿದುಹೋಗುತ್ತದೆಯೇ? ಆದರೆ ಹಿಡಿದೇ ಇದ್ದವನ ಕೈಯಿಂದ ಹಗ್ಗ ಹೋದದ್ದು ಯಾವಾಗ? ಕಾಲು ಸೋತಾಗಲೋ, ತಮ್ಮ ‘ಬಿಡಣ್ಣ’ ಎಂದನೆಂದು ತಾನೇ ತಿಳಿದುಕೊಂಡಾಗಲೋ, ಜೀವದ ಆಸೆ ಬೆರಳುಗಳನ್ನು ತೆರೆಸಿದಾಗಲೋ? ಎಷ್ಟು ಹುಡುಕಿದರೂ ಆ ಗಳಿಗೆ ಅವನಿಗೆ ಸಿಗಲಿಲ್ಲ. ತಾಯಿಯ ಎದುರು ಸುಳ್ಳಾಗಬಹುದಾದ ಮಾತನ್ನು ಆಡುವುದು ಅವನಿಂದಾಗಲಿಲ್ಲ. ತಾಯಿ ಇನ್ನೊಮ್ಮೆ ಕೇಳಲಿಲ್ಲ. ಬಾಳೆಯ ಎಲೆ ಸುತ್ತಿ, ಬಟ್ಟೆ ಕಟ್ಟಿ, ಒಳಗೆ ಹೋದಳು. ಸಾಯುವವರೆಗೂ ಅವಳು ಅವನನ್ನು ಪ್ರೀತಿಯಿಂದಲೇ ನೋಡಿಕೊಂಡಳು. ಆ ಪ್ರಶ್ನೆಯನ್ನು ಮಾತ್ರ ಅವನಾಗಲಿ ಅವಳಾಗಲಿ ಅಲ್ಲಿಂದ ಕದಲಿಸಲಿಲ್ಲ.

ಊರು ಅಷ್ಟು ಸುಮ್ಮನಿರಲಿಲ್ಲ. ಜೊತೆಗಿದ್ದ ಆಳುಗಳನ್ನು ಕೇಳಿದಾಗ ಅವರು ಹೇಳಿದ್ದು ಒಂದೇ: “ಭಾರ ಒಮ್ಮೆಗೇ ನಮ್ಮ ಮ್ಯಾಲೆ ಬಿತ್ತು. ಮುಂದಿನವ ಬಿಟ್ಟಿರಬೇಕು.” ಅವರು ಸುಳ್ಳು ಹೇಳಲಿಲ್ಲ. ನೆಲಕ್ಕೆ ಬಾಗಿ ಜಗ್ಗುತ್ತಿದ್ದವರಿಗೆ ಮರ ದೋಣಿಗೆ ಬಡಿದದ್ದು ಕಂಡಿರಲಿಲ್ಲ. ಭಾರ ಬಂದದ್ದಷ್ಟೇ ಗೊತ್ತಿತ್ತು. ದಂಡೆಯ ಮೇಲೆ ಅಣ್ಣತಮ್ಮಂದಿರ ಜಗಳ ಕೇಳಿದ್ದವರು ಅದಕ್ಕೆ ಇದನ್ನು ಹೊಂದಿಸಿದರು. ಹೀಗೆ ಯಾರೊಬ್ಬರ ಕೆಟ್ಟತನವೂ ಇಲ್ಲದೆ ಕಾಟಯ್ಯ ತಮ್ಮನ ಕೈಬಿಟ್ಟವನಾದ. ಅಣೆಯನ್ನು ಮತ್ತೆ ಕಟ್ಟಿದರು, ದೋಣಿಗಳು ಮತ್ತೆ ಓಡಾಡಿದವು. ತಿರುವು ಹತ್ತಿರ ಬಂದಾಗ ಮುಂದಿನ ಆಳು ಹಿಂದಿನವರನ್ನು ಎಚ್ಚರಿಸಲು, “ಕೈಬಿಟ್ಟಲ್ಲಿ ಬಂತು! ಬಿಗಿ ಹಿಡೀರಿ!” ಎಂದು ಕೂಗತೊಡಗಿದ. ಕೆಲವು ವರ್ಷಗಳಲ್ಲಿ ಅದು ಕೈಬಿಟ್ಟನ ತಿರುವು ಎಂದಾಯಿತು. ಕಾಟಯ್ಯನಿಗೆ ಗೊತ್ತಿದ್ದದ್ದು ಹಗ್ಗ ಜಗ್ಗುವ ಕೆಲಸವೊಂದೇ. ಬೇರೆಯವರ ದೋಣಿಯ ಹಗ್ಗದ ನಡುವೆ ಎಲ್ಲೋ ಒಂದು ಕಡೆ ನಿಂತು ಅವನೂ ಆ ತಿರುವನ್ನು ದಾಟುತ್ತಿದ್ದ, ಆ ಕೂಗನ್ನು ಕೇಳುತ್ತಿದ್ದ. ತುದಿಯನ್ನು ಅವನ ಕೈಗೆ ಯಾರೂ ಕೊಡಲಿಲ್ಲ. “ಮೈಲಾರಿಯ ತಿರುವು ಅನ್ನಿರಿ, ಸತ್ತವನ ಹೆಸರಾದರೂ ಉಳೀಲಿ,” ಎಂದು ಅವನು ಒಮ್ಮೆ ಊರ ಹಿರಿಯರಲ್ಲಿ ಬೇಡಿಕೊಂಡ. ಆಗಲಿ ಎಂದರು. ಮರುದಿನ ಅವರ ಬಾಯಲ್ಲೇ ಹಳೆಯ ಹೆಸರು ಬಂತು. ಬಯ್ಯಬೇಕೆಂದರೆ ಯಾರನ್ನು ಬಯ್ಯುವುದು?

ಅವನು ಉಳಿ ಸುತ್ತಿಗೆ ಹಿಡಿದದ್ದು ಆಮೇಲೆ. ಬೇಸಿಗೆಯಲ್ಲಿ ಹೂಳೆತ್ತಲು ಕಾಲುವೆಯನ್ನು ಕಟ್ಟಿದಾಗ ತಿರುವಿನ ತಳದಲ್ಲಿ ಮುಳುಗಿದ ದೋಣಿಯ ಕಲ್ಲುಗಳು ಕಾಣಿಸಿಕೊಂಡವು. ಉದ್ದನೆಯವನ್ನು ಆರಿಸಿ, ಸನ್ನೆಗೋಲು ಹಾಕಿ ಮೇಲಕ್ಕೆ ಉರುಳಿಸಿಕೊಂಡ. ಬಂಡೆಯ ಮೂಲೆಯಲ್ಲಿ, ತನ್ನ ಕಾಲಿಗೆ ಬಿರುಕು ಸಿಕ್ಕಿದ ಜಾಗದಿಂದ ಹಿಡಿದು ಉದ್ದಕ್ಕೂ ಕುಳಿ ಕೊರೆದು, ಆ ಕಲ್ಲುಗಳನ್ನು ಗೂಟದಂತೆ ನಿಲ್ಲಿಸಿ ಸೀಸ ಕಾಯಿಸಿ ಹೊಯ್ಯುವುದು ಅವನ ಆಲೋಚನೆ. ದೋಣಿ ಜಗ್ಗುವಾಗ ಹಗ್ಗವನ್ನು ಒಂದರ ನಂತರ ಒಂದು ಗೂಟಕ್ಕೆ ಸುತ್ತು ಹಾಕುತ್ತ ಹೋದರೆ, ಜಗ್ಗುವವರ ಕೈ ಜಾರಿದರೂ ಕಲ್ಲು ಹಿಡಿದುಕೊಳ್ಳುತ್ತದೆ. ಅವನು ಕಲ್ಲುಕುಟಿಗನಲ್ಲ. ಮೊದಲ ಗೂಟ ವಾಲಿತು, ಎರಡನೆಯದು ಸೀಳಿತು. ಸುಲಿದು ಮಾಯ್ದ ಅಂಗೈಯ ಬೆರಳುಗಳೂ ಸರಿಯಾಗಿ ಬಿಚ್ಚಿಕೊಳ್ಳುತ್ತಿರಲಿಲ್ಲ. ಪ್ರತಿ ಬೇಸಿಗೆಯೂ ಅದೇ ಕೆಲಸ.

ಒಂದು ಮಧ್ಯಾಹ್ನ ಸಂಕವ್ವ ಮಜ್ಜಿಗೆಯ ತಂಬಿಗೆ ಹಿಡಿದು ಅಲ್ಲಿಗೆ ಬಂದಳು. ಗಂಡ ಸತ್ತ ಮೇಲೂ ಅವಳು ಆ ಮನೆಯಲ್ಲೇ ಉಳಿದಿದ್ದಳು. ಭಾವನಿಗೆ ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಿದ್ದಳು; ತಾಟನ್ನು ನೆಲದ ಮೇಲಿಟ್ಟು ಸರಿದು ಹೋಗುವಳೇ ಹೊರತು ಒಂದು ಮಾತಿಲ್ಲ. ಅವತ್ತು ತಂಬಿಗೆ ಬಂಡೆಯ ಮೇಲಿಟ್ಟು, ಹೋಗದೆ ನಿಂತಳು.

“ಅವರು ಕಡೀಗೆ ಏನಂದ್ರು?” ಎಂದು ಕೇಳಿದಳು.

ಯಾರಿಗೂ ಹೇಳದಿದ್ದುದನ್ನು ಕಾಟಯ್ಯ ಅವಳಿಗೆ ಹೇಳಿದ. ‘ಬಿಡ’ ಎಂಬಷ್ಟು ಕೇಳಿಸಿತು, ಮುಂದಿನದು ಕೇಳಿಸಲಿಲ್ಲ ಎಂದ. ಸಂಕವ್ವ ಬತ್ತಿದ ಕಾಲುವೆಯ ಕಡೆ ತಿರುಗಿದಳು.

“ನನಗೂ ಅವರು ಒಂದು ಮಾತರ ಪೂರ್ತಿ ಹೇಳಿದವರಲ್ಲ,” ಎಂದಳು. “ಅರ್ಧ ಹೇಳಿ ಹೊಂಟುಬಿಡೋರು. ಬಂದು ಹೇಳ್ತಾರ ಬಿಡು ಅಂತ ನಾನೂ ಸುಮ್ಮನಿರತಿದ್ದೆ.” ಸೆರಗಿನಿಂದ ಮುಖ ಒರೆಸಿಕೊಂಡು, “ಮಜ್ಜಿಗಿ ಬಿಸಿಲಿಗೆ ಹುಳಿ ಆಗತೈತಿ, ಕುಡೀರಿ,” ಎಂದು ಹಿಂದಿರುಗಿದಳು. ಅವಳು ಅವನನ್ನು ಕ್ಷಮಿಸಿದಳೋ ಇಲ್ಲವೋ ಹೇಳುವವರಿಲ್ಲ. ಕ್ಷಮಿಸುವಂಥದ್ದು ಇತ್ತೋ ಇಲ್ಲವೋ ಅವಳಿಗೂ ಗೊತ್ತಾಗುವ ಹಾಗಿರಲಿಲ್ಲ.

ಗೂಟಗಳು ನಿಂತ ಮೇಲೆ ಆ ತಿರುವಿನಲ್ಲಿ ದೋಣಿ ಕೊಚ್ಚಿಹೋಗುವುದು ನಿಂತಿತು. ದೂರದೂರಿನ ಆಳುಗಳೂ ಹಗ್ಗ ಸುತ್ತುವುದನ್ನು ಕಲಿತುಕೊಂಡರು. ಹೆಸರಿನ ಹಿಂದಿನ ಕಥೆ ತಿಳಿಯದ ಅವರ ಬಾಯಲ್ಲಿ ಕೈಬಿಟ್ಟ ಎಂಬುದು ಕೈಬಿಟ್ಟಯ್ಯ ಎಂದಾಯಿತು. ಕಾಟಯ್ಯ ಹಣ್ಣಾದ. ಜಗ್ಗುವ ಶಕ್ತಿ ಹೋದ ಮೇಲೂ ಹಗಲೆಲ್ಲ ಅಲ್ಲಿ ಬಂದು ಬಂಡೆಯ ನೆರಳಿಗೆ ಕೂರುತ್ತಿದ್ದ. ಒಂದು ಮಳೆಗಾಲ, ಕಾಲುವೆ ತುಂಬಿ ಹರಿಯುತ್ತಿದ್ದಾಗ, ಮೇಲಿನ ಸೀಮೆಯ ಒಬ್ಬ ಗುರುತಿಲ್ಲದ ಅಂಬಿಗ ತನ್ನ ಹೆಂಡತಿ ಮಕ್ಕಳಿದ್ದ ದೋಣಿಯನ್ನು ಜಗ್ಗಿಕೊಂಡು ಬಂದ. ತಿರುವಿನಲ್ಲಿ ಸೆಳವು ದೋಣಿಯನ್ನು ಹಿಡಿಯಿತು. ಅವನು ಹಗ್ಗವನ್ನು ಗೂಟಕ್ಕೆ ಸುತ್ತಿ, ಎದೆಯೊತ್ತಿ ನಿಂತು, ಗಂಟಲು ಹರಿಯುವಂತೆ ಕೂಗಿಕೊಂಡ: “ಕೈಬಿಟ್ಟಯ್ಯಾ, ಕೈಬಿಡಬ್ಯಾಡೋ! ಕೈಬಿಟ್ಟಯ್ಯಾ, ಕೈಬಿಡಬ್ಯಾಡೋ!”

ಕಲ್ಲು ಹಿಡಿಯಿತು. ಸೆಳವು ತಗ್ಗಿದಾಗ ದೋಣಿ ದಂಡೆಗೆ ಬಂತು, ಹೆಂಡತಿ ಮಕ್ಕಳು ಇಳಿದರು. ಆ ಮನುಷ್ಯ ಗೂಟಕ್ಕೆ ಹಣೆ ಹಚ್ಚಿದ. ಕಾಟಯ್ಯ ಕೋಲೂರಿ ಎದ್ದು ಹತ್ತಿರ ಹೋದ.

“ಆತ ದೇವರಲ್ಲಪ್ಪ,” ಎಂದ.

“ಮತ್ತ ಯಾರು?”

“ಒಬ್ಬ ಮನಿಷಾ. ಹಿಡಿದಿದ್ದ.”

ಆ ಅಂಬಿಗ ಮುದುಕನನ್ನು ಮೇಲಿನಿಂದ ಕೆಳಗೆ ನೋಡಿದ. “ಹಿಡಿದಿದ್ದರ ಕೈಬಿಟ್ಟಯ್ಯ ಅಂತ ಯಾಕ ಕರೀತಾರಜ್ಜ?” ಎಂದು ಕೇಳಿದ. ಅದರಲ್ಲಿ ಕುಚೋದ್ಯವಿರಲಿಲ್ಲ, ತಿಳಿಯದೆ ಕೇಳಿದ್ದು. ಕಾಟಯ್ಯ ಮಡಚಿಕೊಂಡಿದ್ದ ತನ್ನ ಕೈಗಳನ್ನು ನೋಡಿಕೊಂಡ. ಅಷ್ಟರಲ್ಲಿ ದೋಣಿಯ ಬಳಿಯಿಂದ ಹೆಂಡತಿ ಕರೆದಳು; ಅವನು ಕೈ ಮುಗಿದು, ಹಗ್ಗ ಹೆಗಲಿಗೇರಿಸಿ, ದಾರಿ ಹಿಡಿದ. ಹೋದ ಊರಲ್ಲೆಲ್ಲ ತನ್ನ ಮಕ್ಕಳನ್ನು ಕೈಬಿಟ್ಟಯ್ಯ ಕಾದನೆಂದು ಹೇಳಿರಬೇಕು. ಮುಂದಿನ ಮಳೆಗಾಲದ ಹೊತ್ತಿಗೆ ಎಲ್ಲ ದೋಣಿಯವರೂ ಅದೇ ಮಾತನ್ನು ಕೂಗುತ್ತಿದ್ದರು. ಬೈಗಳ ಹೆಸರು ಮೊರೆಯಾಯಿತು. ಹೆಸರು ಮಾತ್ರ ಅದೇ ಉಳಿಯಿತು. ನೆರಳಿನಲ್ಲಿ ಕುಳಿತ ಮುದುಕ ಅದನ್ನು ಇನ್ನೂ ಕೆಲವು ವರ್ಷ ಕೇಳಿಸಿಕೊಂಡು, ಒಂದು ಚಳಿಗಾಲ ಜ್ವರ ಬಂದು ತೀರಿಕೊಂಡ. ಅವನನ್ನು ಹೂಳುವಾಗಲೂ ಬೆರಳುಗಳನ್ನು ಬಿಡಿಸಲಾಗಲಿಲ್ಲ ಎನ್ನುತ್ತಾರೆ. ಅದು ಆಮೇಲೆ ಕೂಡಿಸಿದ ಮಾತು ಎನ್ನುವ ಹಿರಿಯರೂ ಇದ್ದಾರೆ.

ಆ ಗೂಟಗಳಲ್ಲಿ ಕೆಲವು ಇವತ್ತಿಗೂ ನಿಂತಿವೆ. ಒಂದು ಕಾಲುವೆಯ ಕಡೆಗೆ ವಾಲಿದೆ. ಹಗ್ಗ ಉಜ್ಜಿ ಉಜ್ಜಿ ಅವುಗಳ ಸೊಂಟ ಸಣ್ಣಗಾಗಿದ್ದು, ಬೆರಳು ಹೂತುಹೋಗುವಷ್ಟು ಆಳದ ಗೆರೆಗಳು ಬಿದ್ದಿವೆ. ಅಲ್ಲಿ ಗುಡಿಯಿಲ್ಲ, ಪೂಜಾರಿಯಿಲ್ಲ, ಕಾಯಿ ಒಡೆಯುವುದಿಲ್ಲ. ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ, ಹೋಗಲು ಯಾರ ಬಾಗಿಲೂ ಉಳಿದಿಲ್ಲ ಎನಿಸಿದ ಮೇಲೆ, ಸುತ್ತಲಿನ ಹಳ್ಳಿಯವರು ಜಗ್ಗುದಾರಿಯಲ್ಲಿ ನಡೆದು ಬರುತ್ತಾರೆ. ಕೈಗೆ ಸಿಕ್ಕಿದ ಹಗ್ಗ ತರುತ್ತಾರೆ: ಬಾವಿಯ ಹಗ್ಗದ ತುಂಡು, ಎಮ್ಮೆಯ ದಾವಣಿ, ಸೀರೆಯ ಅಂಚು, ಸೈಕಲ್ಲಿನ ಹಳೆಯ ಟ್ಯೂಬು. ಗೂಟಕ್ಕೆ ಸುತ್ತಿ, ಎರಡೂ ತುದಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಗಂಟು ಹಾಕಿ ಹೋಗುತ್ತಾರೆ. ಬೇಡಿದ್ದು ಆಯಿತೆಂದು ಬಂದು ಬಿಚ್ಚುವುದಾಗಲಿ, ಆಗಲಿಲ್ಲವೆಂದು ಬಿಚ್ಚುವುದಾಗಲಿ ರೂಢಿಯಲ್ಲಿಲ್ಲ. ಬಿಸಿಲು ಮಳೆಗೆ ನವೆದು ತಾನಾಗಿ ಕಳಚಿ ನೀರಿಗೆ ಬೀಳುವ ತನಕ ಗಂಟು ಕಲ್ಲಿನಲ್ಲೇ ಇರುತ್ತದೆ.